ಟಂಗ್ ಕ್ಲೀನರಿಗೊಂದು ಶಾಲು

ಮೊನ್ನೆ ನಮ್ಮ ಬಚ್ಚಲುಮನೆಯ ನಲ್ಲಿ ಸೋರುತ್ತಿದೆಯೆಂದು ಪ್ಲಂಬರನ್ನು ಕರೆಸಿದ್ದೆವು. ಎತ್ತರದ ಆಳು, ಮಾತು ಕಡಿಮೆ. ಬಹಳ ಹೊತ್ತು ಒಳಗೆ ಟಕಟಕ ಎನ್ನಿಸಿ, ಹಳೆಯ ನಲ್ಲಿ ಕಿತ್ತು ಹೊಸದು ಕೂರಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವನ ಮುಖದಲ್ಲಿ ಸಮಾಧಾನವಿರಲಿಲ್ಲ. ಅಂಗೈಯಲ್ಲಿ ಒಂದು ಬಗ್ಗಿದ ಸ್ಟೀಲಿನ ಪಟ್ಟಿ ಹಿಡಿದು ನನ್ನ ಮುಂದೆ ಚಾಚಿದ. ಎಲ್ಲವೂ ಸರಿಯಾಗಿ ಕೂತಿದೆ, ಆದರೆ ಇದೊಂದು ಪಾರ್ಟ್ ಉಳಿದುಬಿಟ್ಟಿದೆ, ಎಲ್ಲಿಗೆ ಸೇರಬೇಕೋ ಗೊತ್ತಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡ.

ಅದು ನನ್ನ ಟಂಗ್ ಕ್ಲೀನರ್.

ನಾನು ಅದನ್ನು ಇಸಿದುಕೊಂಡು, ಅದು ಸೇರಬೇಕಾದ ಜಾಗವನ್ನು ಬಾಯಿ ತೆರೆದು ತೋರಿಸಿದೆ. ಆತ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ನಕ್ಕ. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, ದಿನಾಲೂ ಮಾಡುತ್ತೀರಾ ಎಂದು ಕೇಳಿದ. ದಿನಾಲೂ ಎಂದೆ, ಎದೆಯುಬ್ಬಿಸಿಯೇ ಎಂದೆ.

ಇದೇ ಪ್ರಶ್ನೆಯನ್ನು ಅವನು ಹೋದ ಚಳಿಗಾಲದಲ್ಲಿ ಕೇಳಿದ್ದರೆ ನಾನು ಹಾಗೆ ಹೇಳುತ್ತಿರಲಿಲ್ಲ. ಆಗ ಈ ಪಟ್ಟಿಯ ದೆಸೆಯಿಂದ ನನಗೂ ನನ್ನ ಮಗಳಿಗೂ ನಡುವೆ ಮಾತಿಲ್ಲದ ಒಂದು ಜಗಳ ನಡೆದಿತ್ತು. ಅದನ್ನೇ ಹೇಳಬೇಕೆಂದು ಕೂತಿದ್ದೇನೆ, ಆದರೆ ನೇರವಾಗಿ ಹೇಳುವುದು ನನಗೆ ಬರುವುದಿಲ್ಲ. ನನ್ನ ಹೆಂಡತಿ ಪದ್ಮಿನಿ ಕಾರಿನಲ್ಲಿ ಪಕ್ಕದ ಸೀಟಿನಿಂದ ಹೇಳುವ ಹಾಗೆ, ನಾನು ಹೈವೇಯ ಯಾವ ಎಕ್ಸಿಟ್ಟನ್ನೂ ಮೊದಲ ಸಲಕ್ಕೆ ಹಿಡಿದವನಲ್ಲ.

ನಾಲಿಗೆ ಕೆರೆದುಕೊಳ್ಳುವವರಲ್ಲಿ ಎರಡು ಬಗೆ. ಸದ್ದು ಮಾಡುವವರು, ಮಾಡದವರು. ಮಾಡದವರ ನಾಲಿಗೆ ನಿಜವಾಗಿಯೂ ಶುದ್ಧವಾಗುತ್ತದೆಯೆಂದು ನಾನು ಇವತ್ತಿಗೂ ನಂಬಿಲ್ಲ. ಪಟ್ಟಿ ನಾಲಿಗೆಯ ಬುಡಕ್ಕೆ ಮುಟ್ಟಬೇಕು, ಹೊಟ್ಟೆಯ ಆಳದಿಂದ 'ವ್ಯಾ...ಕ್' ಎಂದು ಒಂದು ದನಿ ಹೊರಡಬೇಕು, ಕಣ್ಣಂಚಿನಲ್ಲಿ ನೀರಾಡಬೇಕು. ಆಗಲೇ ಬೆಳಗಾದದ್ದು.

ನಾನು ಬೆಳೆದದ್ದು ಮೈಸೂರಿನ ಒಂಟಿಕೊಪ್ಪಲಿನ ಒಂದು ವಠಾರದಲ್ಲಿ. ಹಿತ್ತಲಿನಲ್ಲಿ ಸಾಲಾಗಿ ಬಚ್ಚಲುಗಳು, ನಡುವೆ ಎಲ್ಲರಿಗೂ ಸೇರಿದ ಒಂದು ಕಲ್ಲಿನ ತೊಟ್ಟಿ. ಅಲ್ಲಿ ಬೆಳಗಾಯಿತೆಂದು ಹೇಳಲು ಹಕ್ಕಿಗಳು ಬೇಕಿರಲಿಲ್ಲ. ಮೊದಲು ಮೂಲೆಮನೆಯ ಪೋಸ್ಟಾಫೀಸಿನ ರಾಯರದು, ಮೊಹರು ಒತ್ತಿದ ಹಾಗೆ ಗಟ್ಟಿಯಾಗಿ ಎರಡೇ ಸಲ. ಅದು ಕೇಳಿದ ಮೇಲೆ ನಮ್ಮಮ್ಮ ಹಾಲನ್ನು ಒಲೆಯ ಮೇಲಿಡುತ್ತಿದ್ದಳು. ಆಮೇಲೆ ನಮ್ಮ ತಾತನದು. ತಾತ ಹಲ್ಲುಜ್ಜಿದ ಬೇವಿನ ಕಡ್ಡಿಯನ್ನೇ ಎರಡಾಗಿ ಸೀಳಿ ಬಗ್ಗಿಸಿಕೊಂಡು ಕೆರೆಯುತ್ತಿದ್ದರು. ಉದ್ದನೆಯ ಆಲಾಪ, ನಡುನಡುವೆ ರಾಮ ರಾಮ. ಅಪ್ಪನದು ತಾಮ್ರದ ಪಟ್ಟಿ, ದನಿಯೂ ಅದಕ್ಕೆ ತಕ್ಕಂತೆ ಕಂಚಿನದು. ಯಾರ ಮನೆಯಲ್ಲಿ ಯಾರಿಗೆ ಮೈ ಸರಿಯಿಲ್ಲ, ಯಾರು ಊರಿಗೆ ಹೋಗಿದ್ದಾರೆ, ಯಾರ ಅಳಿಯ ಬಂದಿದ್ದಾನೆ, ಎಲ್ಲವೂ ಹಾಸಿಗೆಯಲ್ಲಿ ಮಲಗಿದ್ದಲ್ಲೇ ತಿಳಿಯುತ್ತಿತ್ತು.

ಎದುರುಮನೆಯಲ್ಲಿ ನಮ್ಮ ಶಾಲೆಯ ಹೆಡ್ಮಾಸ್ತರರಿದ್ದರು. ಅವರು ಕಾರಿಡಾರಿನಲ್ಲಿ ನಡೆದುಬಂದರೆ ಏಳನೆಯ ತರಗತಿಯ ಗಂಡುಹುಡುಗರೂ ಉಸಿರು ಬಿಗಿಹಿಡಿಯುತ್ತಿದ್ದರು. ಆದರೆ ಬೆಳಗಿನ ತೊಟ್ಟಿಯ ಬಳಿ ಅವರ ಸದ್ದು ಬೆಕ್ಕಿನ ಮರಿಗೆ ಕೆಮ್ಮು ಬಂದಷ್ಟೇ. ಬೆತ್ತ ಹಿಡಿದು ಅವರು ಎದುರು ನಿಂತಾಗ ನಮ್ಮ ವಠಾರದ ಮಕ್ಕಳಿಗೆ ಅದು ನೆನಪಾಗಿ ನಗು ಬರುತ್ತಿತ್ತು, ನಕ್ಕದ್ದಕ್ಕೆ ಏಟು ಹೆಚ್ಚು ಬೀಳುತ್ತಿತ್ತು. ಇಡೀ ಶಾಲೆಯಲ್ಲಿ ಅವರನ್ನು ಕಂಡರೆ ಅಷ್ಟಿಷ್ಟು ಪ್ರೀತಿ ಇದ್ದದ್ದು ಮಾತ್ರ ನಮ್ಮ ವಠಾರದವರಿಗೇ. ಯಾಕೆಂದು ಆಗ ಯೋಚಿಸಿರಲಿಲ್ಲ.

ಅಮೆರಿಕಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ಅಮ್ಮ ಹಾಕಿದ ಹುಳಿಪುಡಿ, ಸಾರಿನಪುಡಿಗಳ ಜೊತೆಗೆ ನಾನೂ ಒಂದು ಸ್ಟೀಲಿನ ಪಟ್ಟಿ ಇಟ್ಟುಕೊಂಡು ಬಂದೆ. ಸದ್ದು ತಾನಾಗಿ ಜೊತೆಗೆ ಬಂತು. ಶಿಕಾಗೋ ಪಕ್ಕದ ಲೊಂಬಾರ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಹೊಸದಾಗಿ ಸಂಸಾರ ಹೂಡಿದ್ದೆವು. ಮೇಲಿನ ಮನೆಯಲ್ಲಿ ಒಬ್ಬಳೇ ಇದ್ದ ಅಮೆರಿಕನ್ ಅಜ್ಜಿ ಒಂದು ಮಧ್ಯಾಹ್ನ ಬಾಗಿಲು ತಟ್ಟಿ, ಪದ್ಮಿನಿಯ ಕೈಯಲ್ಲಿ ಒಂದು ಪೊಟ್ಟಣವಿಟ್ಟು, ಅವಳ ಕೆನ್ನೆ ಸವರಿ, ಮೊದಮೊದಲು ಹೀಗೇ ಆಗುತ್ತದೆ, ಒಣ ಬ್ರೆಡ್ಡು ತಿನ್ನು, ಧೈರ್ಯವಾಗಿರು ಎಂದು ಹೇಳಿ ಹೋದಳು. ಪೊಟ್ಟಣ ಬಿಚ್ಚಿದರೆ ಹಳದಿ ಉಲ್ಲನ್ನಿನ ಪುಟ್ಟ ಕುಲಾವಿ. ದಿನಾ ಬೆಳಿಗ್ಗೆ ಕೆಳಗಿನಿಂದ ಕೇಳಿಬರುತ್ತಿದ್ದ ವಾಂತಿಯ ಸದ್ದು ಹೊಸದಾಗಿ ಮದುವೆಯಾದ ಹುಡುಗಿಯದೇ ಎಂದು ಆಕೆ ತೀರ್ಮಾನಿಸಿದ್ದಳು.

"ಹೋಗಿ ಹೇಳ್ರೀ, ಅದು ನೀವು ಅಂತ" ಎಂದಳು ಪದ್ಮಿನಿ.

"ಪಾಪ, ಕಷ್ಟಪಟ್ಟು ಹೆಣೆದಿದಾರೆ. ಈಗ ಹೋಗಿ ಹೇಗೆ ಹೇಳೋದು?" ಎಂದೆ ನಾನು. ಹೇಳಲೇ ಇಲ್ಲ. ಮುಂದಿನ ವರ್ಷ ಅಪೂರ್ವ ಹುಟ್ಟಿದಳು. ಹುಟ್ಟಿದ ಮೊದಲ ಚಳಿಗಾಲವನ್ನು ಆ ಹಳದಿ ಕುಲಾವಿಯಲ್ಲೇ ಕಳೆದಳು. ಬಸುರು ಇಷ್ಟು ದೀರ್ಘವಾಗಿ ನಡೆದದ್ದರ ಬಗ್ಗೆ ಅಜ್ಜಿ ಏನೂ ಕೇಳಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಾನು ಕವಿ. ಹೀಗೆ ಹೇಳಿಕೊಳ್ಳಲು ನಮ್ಮ ಕನ್ನಡ ಸಂಘದವರು ಪ್ರತಿ ಯುಗಾದಿಯ ಕವಿಗೋಷ್ಠಿಯಲ್ಲೂ ನನಗೊಂದು ಅವಕಾಶ ಕೊಡುತ್ತಾರೆ. ನನ್ನ ಪದ್ಯಗಳೆಲ್ಲ 'ಓ' ಎಂದು ಶುರುವಾಗುತ್ತವೆ. ಓ ವಸಂತವೇ, ಓ ತಾಯ್ನುಡಿಯೇ, ಓ ಮಿಷಿಗನ್ ಸರೋವರವೇ. ಹೊರಗೆ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿಯಲ್ಲಿ ಡ್ರೈವ್‌ವೇ ಮೇಲಿನ ಹಿಮ ಬಳಿದು, ಒಳಗೆ ಬಂದು ಕೈ ಕಾಯಿಸಿಕೊಂಡು, ಮಾವು ಚಿಗುರಿತು ಕೋಗಿಲೆ ಉಲಿಯಿತು ಎಂದು ಬರೆಯುವವನು ನಾನು. ಪದ್ಮಿನಿ ಫಾರ್ಮಸಿಸ್ಟ್, ಯಾವುದನ್ನೂ ಅಳತೆಗಿಂತ ಹೆಚ್ಚು ಕೊಡುವವಳಲ್ಲ. ಒಮ್ಮೆ ನನ್ನ ಪದ್ಯವನ್ನು ಪೂರ್ತಿ ಕೇಳಿ, "ಚೆನ್ನಾಗಿದೆ. ಆದ್ರೆ ನಿಮ್ಮ ಪದ್ಯದಲ್ಲಿ ಬರೋ ಜನ ಯಾರೂ ಹಲ್ಲುಜ್ಜಲ್ಲ ಅಲ್ವಾ?" ಎಂದಳು. ಕಾವ್ಯದ ಗಂಧವಿಲ್ಲದವಳು ಎಂದುಕೊಂಡೆ.

ಕವಿಗೋಷ್ಠಿಯಲ್ಲಿ ಶಾಲು ಹೊದಿಸುತ್ತಾರೆ. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯ ಬಟ್ಟೆಯ ಕ್ಲಾಸೆಟ್ಟಿನಲ್ಲಿ ಶಾಲುಗಳ ಒಂದು ಅಟ್ಟಿಯೇ ಆಗಿದೆ. ನಾವು ಅವನ್ನು ಬೇರೆಯವರ ಸನ್ಮಾನಕ್ಕೆ ಕೊಡುತ್ತೇವೆ, ಅವರು ಮತ್ತೊಬ್ಬರಿಗೆ ಕೊಡುತ್ತಾರೆ. ಹಸಿರಂಚಿನ ಒಂದು ಶಾಲು ನೇಪರ್‌ವಿಲ್, ಅರೋರಾಗಳನ್ನೆಲ್ಲ ಸುತ್ತಿ ಮತ್ತೆ ನನ್ನ ಹೆಗಲಿಗೇ ಬಂದು ಬಿದ್ದದ್ದುಂಟು. ಮೂಲೆಯಲ್ಲಿದ್ದ ಪದ್ಮಿನಿಯ ಸಾರಿನ ಕಲೆಯಿಂದ ಗುರುತು ಹತ್ತಿತು.

ಅಪೂರ್ವ ಈಗ ದೊಡ್ಡವಳು. ಡೆಟ್ರಾಯಿಟ್ ಹತ್ತಿರ ಇದ್ದುಕೊಂಡು ಕಾರಿನ ಸೀಟುಗಳನ್ನು ಡಿಸೈನ್ ಮಾಡುತ್ತಾಳೆ. ಬಿಡುವಿದ್ದಾಗ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಾಳೆ. ಹೋದ ಚಳಿಗಾಲದಲ್ಲಿ ಒಂದು ದಿನ ಫೋನ್ ಮಾಡಿ, "ಅಪ್ಪಾ, ನಿನ್ ಬಗ್ಗೆ ಒಂದು ಪೊಯೆಮ್ ಬರ್ದಿದೀನಿ. ನೀನು ಎವ್ರಿ ಮಾರ್ನಿಂಗ್ ಮಾಡ್ತೀಯಲ್ಲ, ಅದು. ಈ ಸ್ಯಾಟರ್ಡೇ ಒಂದು ಕಾಫಿ ಶಾಪಲ್ಲಿ ಓದ್ತೀನಿ. ವಿಲ್ ಯು ಕಮ್?" ಎಂದಳು.

ನನ್ನ ಎದೆ ತುಂಬಿಬಂತು. ಬೆಳಿಗ್ಗೆ ನಾನು ಮಾಡುವುದೇನು? ಸ್ನಾನ ಮಾಡಿ ದೇವರಿಗೆ ದೀಪ ಹಚ್ಚುತ್ತೇನೆ. ಕಿಟಕಿಯಾಚೆಯ ಸೂರ್ಯನಿಗೆ, ಅವನು ಕಂಡರೆ, ಕೈ ಮುಗಿಯುತ್ತೇನೆ. ಬೇರೆ ದೇಶದಲ್ಲಿ ಹುಟ್ಟಿದ ಮಗಳು ಅಪ್ಪನ ದೀಪದ ಬಗ್ಗೆ ಪದ್ಯ ಬರೆದಿದ್ದಾಳೆ! ಆ ವಾರವೆಲ್ಲ ನಾನು ಯಾರಿಗೆ ಫೋನ್ ಮಾಡಲಿಲ್ಲ ಎಂದು ಕೇಳಿ. ಕಾಲೇಜಿನ ದಿನಗಳಿಂದ ಗೆಳೆಯನಾದ ಗುರುರಾಜ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಹೃದಯದ ಡಾಕ್ಟರು, ಧಾರವಾಡದ ಕಡೆಯವನು. ಅವನಿಗೂ ಅವನ ಹೆಂಡತಿ ವಿಮಲಾಗೂ ಬರಲೇಬೇಕೆಂದು ಹೇಳಿದೆ. ಕ್ಲಾಸೆಟ್ಟಿನಿಂದ ಇರುವುದರಲ್ಲೇ ಒಳ್ಳೆಯ ಮೆರೂನ್ ಶಾಲು ತೆಗೆದು ಡ್ರೈಕ್ಲೀನ್ ಮಾಡಿಸಿದೆ. ಪದ್ಯ ಮುಗಿದ ಕೂಡಲೇ ವೇದಿಕೆಯ ಮೇಲೆ ಹೋಗಿ ಮಗಳಿಗೆ ಹೊದಿಸುವುದು ನನ್ನ ಯೋಜನೆ.

"ಯಾತರ ಬಗ್ಗೆ ಬರ್ದಿದಾಳೆ ಅಂತ ಕೇಳಿದ್ರಾ?" ಎಂದಳು ಪದ್ಮಿನಿ, ಕಾರು ಇಂಡಿಯಾನಾ ದಾಟುವಾಗ.

"ಅದೇನು ಕೇಳೋದು? ದೀಪ ಹಚ್ಚೋದು."

ಪದ್ಮಿನಿ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಕಾಫಿ ಶಾಪಿನಲ್ಲಿ ವೇದಿಕೆ ಎಂಬುದು ಒಂದು ಹಲಗೆಯ ಎತ್ತರವಿತ್ತು. ಕೋಟು, ಟೈ ಹಾಕಿದ್ದವನು ನಾನೊಬ್ಬನೇ. ಉಳಿದವರೆಲ್ಲ ಉಲ್ಲನ್ ಟೋಪಿಯ ಹುಡುಗ ಹುಡುಗಿಯರು. ಯಾರೋ ಒಬ್ಬ ತನ್ನ ಬೆಕ್ಕಿನ ಮೇಲೆ ಪದ್ಯ ಓದಿ ಮುಗಿಸಿದಾಗ ಜನ ಚಪ್ಪಾಳೆ ತಟ್ಟಲಿಲ್ಲ, ಚಿಟಿಕೆ ಹೊಡೆದರು. ನಮ್ಮಲ್ಲಿ ಆಕಳಿಕೆ ಬಂದಾಗ ಬಾಯಿಯ ಮುಂದೆ ಚಿಟಿಕೆ ಹೊಡೆಯುತ್ತೇವೆ. ಪಾಪ, ಎಲ್ಲರಿಗೂ ನಿದ್ದೆ ಬರುತ್ತಿದೆ, ನನ್ನ ಮಗಳು ಬಂದು ಎಬ್ಬಿಸುತ್ತಾಳೆ ಎಂದು ನಾನು ಗುರುರಾಜನ ಕಿವಿಯಲ್ಲಿ ಹೇಳಿದೆ.

ಎಬ್ಬಿಸಿದಳು. ಮೈಕಿನ ಮುಂದೆ ನಿಂತು, ಪದ್ಯದ ಹೆಸರು 'ಬೆಳಗಿನ ಆರು ಗಂಟೆಗೆ ನನ್ನಪ್ಪ' ಎಂದಳು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, ಬಾಯಿ ತೆರೆದು, ಹೊಟ್ಟೆಯ ಆಳದಿಂದ 'ವ್ಯಾ...ಕ್' ಎಂದಳು.

ಕಾಫಿ ಶಾಪು ಬಿದ್ದು ಬಿದ್ದು ನಕ್ಕಿತು. ಪದ್ಯ ಇಂಗ್ಲಿಷಿನದು, ನನಗೆ ನೆನಪಿರುವಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ.

ದೇವರನ್ನು ಎಬ್ಬಿಸುವ ಮೊದಲು
ಅಪ್ಪ ತನ್ನ ನಾಲಿಗೆಯನ್ನು ಎಬ್ಬಿಸುತ್ತಾನೆ.
ಮೊದಲ ಸಲ ನಮ್ಮ ಮನೆಯಲ್ಲಿ ಮಲಗಿದ್ದ ಗೆಳತಿ
ಎದ್ದು ಕೂತು ಕೇಳಿದಳು: ನಿಮ್ಮಪ್ಪ ಸಾಯುತ್ತಿದ್ದಾರಾ?
ಇಲ್ಲ, ಇಂಗ್ಲಿಷಿಗೆ ಜಾಗ ಮಾಡುತ್ತಿದ್ದಾರೆ ಅಂದೆ.
ರಾತ್ರಿ ಕನಸಿನಲ್ಲಿ ಆಡಿದ ಕನ್ನಡವನ್ನೆಲ್ಲ
ಕೆರೆದು ತೊಳೆದು ಆಫೀಸಿಗೆ ಹೊರಡುತ್ತಾನೆ.
ಸಂಜೆಯ ಹೊತ್ತಿಗೆ ಅದು ಮತ್ತೆ ಬೆಳೆದಿರುತ್ತದೆ.

ಸಾಲು ಸಾಲಿಗೂ ನಗು, ಸಾಲು ಸಾಲಿಗೂ ಚಿಟಿಕೆ. ಗುರುರಾಜ ತೊಡೆ ತಟ್ಟಿಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ. ನನಗೆ ಕಿವಿ ಬಿಸಿಯಾಯಿತು. ಕೋಟು, ಟೈ, ತೊಡೆಯ ಮೇಲೆ ಶಾಲಿನ ಚೀಲ. ಇವರೆಲ್ಲ ನಗುತ್ತಿರುವುದು ನನ್ನ ಬಾಯೊಳಗೆ ಇಣುಕಿ ನೋಡಿ. ಇದು ನನ್ನ ಬಚ್ಚಲುಮನೆ, ಇದರ ಬಾಗಿಲನ್ನು ಇವಳು ಹೀಗೆ ಹಾರುಹೊಡೆದು ತೆರೆಯಬಹುದೇ? ಪದ್ಯ ಇನ್ನೂ ನಡೆದಿತ್ತು. ಕಾರು ನಿಲ್ಲಿಸಿದ ಜಾಗ ಸರಿಯಾಗಿದೆಯೋ ನೋಡಿ ಬರುತ್ತೇನೆ ಎಂದು ಪದ್ಮಿನಿಗೆ ಹೇಳಿ ಎದ್ದು ಹೊರಗೆ ನಡೆದೆ. ಚೀಲವನ್ನು ಕಾರಿನ ಟ್ರಂಕಿನಲ್ಲಿ ಹಾಕಿ ಮುಚ್ಚಿದೆ. ವಾಪಸು ಬರುವಷ್ಟರಲ್ಲಿ ಪದ್ಯ ಮುಗಿದು ಜನ ಅವಳನ್ನು ಸುತ್ತಿಕೊಂಡಿದ್ದರು.

"ಅಪ್ಪಾ, ಹೇಗಿತ್ತು?" ಎಂದು ಓಡಿಬಂದಳು. ಮುಖವೆಲ್ಲ ಬೆಳಕು.

"ವೆರಿ ನೈಸ್" ಎಂದೆ. ಮನೆಯವರೊಡನೆ ನಾನು ಇಂಗ್ಲಿಷಿಗೆ ಇಳಿದರೆ ಏನೋ ಸರಿಯಿಲ್ಲವೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಬೆಳಕು ಸ್ವಲ್ಪ ಕಡಿಮೆಯಾಯಿತು.

ಅವಳದು ಒಂದೇ ಕೋಣೆಯ ಮನೆ, ಹಾಗಾಗಿ ಆ ರಾತ್ರಿ ನಾವು ಗುರುರಾಜನ ಮನೆಯಲ್ಲಿ ಉಳಿದೆವು. ವಿಮಲಾ ಜೋಳದ ರೊಟ್ಟಿ, ಎಣಗಾಯಿ ಮಾಡಿದ್ದರು. ಊಟದ ಮಧ್ಯೆ ಗುರುರಾಜ, "ಏ ಶ್ರೀಕಂಠಾ, ನಿನ್ನ ಮಗಳು ಖರೇ ಕವಿ ಆಗ್ಯಾಳ ನೋಡಪಾ. ನೀ ಇಷ್ಟ್ ವರ್ಷ ಬರದೀ, ಒಂದರೆ ನೆನಪೈತೇನ್ ಯಾರಿಗರೆ? ಇದನ್ನ ನಾ ಸಾಯೂತನಕ ಮರಿಯಂಗಿಲ್ಲ" ಎಂದ. ಆಮೇಲೆ ನನ್ನ ಬೆನ್ನು ತಟ್ಟಿ, "ನಾಳೆ ಮುಂಜಾನೆ ಅಷ್ಟು ಸಾವಕಾಶ ಮಾಡಪಾ, ನಮ್ಮ ಓಣಿ ಮಂದಿ ಪೊಲೀಸ್ರಿಗೆ ಫೋನ್ ಮಾಡ್ಯಾರು" ಎಂದು ಮತ್ತೆ ನಕ್ಕ. ಅವನ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವನ ಅಮೃತಶಿಲೆಯ ಬಾತ್‌ರೂಮಿನಲ್ಲಿ ನಿಂತು, ನಲ್ಲಿಯನ್ನು ಜೋರಾಗಿ ತಿರುಗಿಸಿ, ನಾನು ನಾಲಿಗೆಯ ತುದಿಯನ್ನಷ್ಟೇ ಸವರಿ ಹೊರಗೆ ಬಂದೆ. ಜೀವನದಲ್ಲಿ ಮೊದಲ ಸಲ ಸದ್ದು ಬರಲಿಲ್ಲ.

ಲೊಂಬಾರ್ಡಿಗೆ ಬಂದ ಮೇಲೂ ಹಾಗೇ ನಡೆಯಿತು. ಮೊದಲು ಕಂಗಾಲಾದದ್ದು ಪಕ್ಕದ ಮನೆಯ ನಾಯಿ. ವರ್ಷಗಳಿಂದ ನನ್ನ ಮೊದಲ ದನಿಗೆ ಅದು ಬೇಲಿಯ ಬಳಿ ನಿಂತು ಎರಡು ಸಲ ಬೊಗಳಿ ಉತ್ತರ ಕೊಡುತ್ತಿತ್ತು. ಈಗ ಹಿಮದಲ್ಲಿ ಕಿವಿ ನಿಮಿರಿಸಿ ನಿಂತು, ನಮ್ಮ ಕಿಟಕಿ ನೋಡಿ, ಬಾಲ ಇಳಿಬಿಟ್ಟು ವಾಪಸು ಹೋಗುತ್ತಿತ್ತು. ಆಮೇಲೆ ಪದ್ಮಿನಿಗೆ ಕೆಲಸಕ್ಕೆ ತಡವಾಗತೊಡಗಿತು.

"ಏನ್ರೀ ಇದು? ನಿಮ್ಮ ಸದ್ದಿಲ್ದೆ ನಂಗೆ ಎಚ್ಚರಾನೇ ಆಗ್ತಿಲ್ಲ."

"ಫೋನಲ್ಲಿ ಅಲಾರಂ ಇಟ್ಕೋ."

"ಇಟ್ಟಿದೀನಿ. ಆ ಟಿಂಗ್ ಟಿಂಗ್‌ಗೆ ಮನುಷ್ಯರು ಏಳ್ತಾರಾ?"

ನನ್ನ ನಾಲಿಗೆಯೂ ಕೆಟ್ಟಿತು. ಕಾಫಿಯ ರುಚಿ ಹತ್ತುತ್ತಿರಲಿಲ್ಲ, ಇಡೀ ದಿನ ಬಾಯಿ ಬೇರೆ ಯಾರದೋ ಎನ್ನಿಸುತ್ತಿತ್ತು. ಆದರೂ ಹಟ. ನಿಮಗೂ ಇಂಥ ಹಟಗಳು ಗೊತ್ತಿರಬಹುದು: ಕಷ್ಟ ನಮಗೇ, ಆದರೂ ಬಿಡುವ ಹಾಗಿಲ್ಲ. ಅಪೂರ್ವ ಫೋನ್ ಮಾಡಿದಾಗ ಹವಾಮಾನ ಮಾತಾಡಿ ಪದ್ಮಿನಿಗೆ ಕೊಟ್ಟುಬಿಡುತ್ತಿದ್ದೆ. ಅವಳು ಹೊಸ ಪದ್ಯಗಳನ್ನು ಕಳಿಸುವುದು ನಿಲ್ಲಿಸಿದ್ದಳು. ನಾನೂ ಕೇಳಲಿಲ್ಲ.

ಯುಗಾದಿ ಹತ್ತಿರ ಬಂತು. ಹಬ್ಬ ವಾರದ ಮಧ್ಯೆ ಬಿದ್ದಿದ್ದರಿಂದ ಸಂಘದವರು ಎಂದಿನಂತೆ ಅದನ್ನು ಶನಿವಾರಕ್ಕೆ ಎಳೆದುಕೊಂಡಿದ್ದರು. ಬೆಳಿಗ್ಗೆ ಲೆಮಾಂಟ್ ದೇವಸ್ಥಾನ, ಮಧ್ಯಾಹ್ನ ಕವಿಗೋಷ್ಠಿ. ಅಪೂರ್ವ ಹಬ್ಬಕ್ಕೆ ಬರುವವಳಿದ್ದಳು. ಅದಕ್ಕೆ ಮುಂಚೆ ಒಂದು ಸಂಜೆ ಪದ್ಮಿನಿ ಪಾತ್ರೆಗಳನ್ನು ಡಿಶ್‌ವಾಷರಿಗೆ ಜೋಡಿಸುತ್ತ ನನ್ನ ಮುಖ ನೋಡದೆ ಹೇಳಿದಳು. "ಭಾನುವಾರ ಶಿಕಾಗೋದಲ್ಲಿ ಎಲ್ಲೋ ದೊಡ್ಡ ಕಡೆ ಓದೋಕೆ ಅವಳನ್ನ ಕರ್ದಿದಾರೆ. ಆ ಪದ್ಯಾನೇ ಬೇಕಂತೆ. ಅಪ್ಪಂಗೆ ಬೇಜಾರಾಗಿದೆ, ಅದನ್ನ ಇನ್ನೆಲ್ಲೂ ಓದಲ್ಲ, ಬೇರೆ ಯಾವ್ದಾದ್ರೂ ಓದ್ತೀನಿ ಅಂತ ಹೇಳ್ಬಿಟ್ಟಿದಾಳೆ."

"ನಾನೇನು ಓದಬೇಡ ಅಂದ್ನಾ?"

"ನೀವೇನೂ ಅನ್ಲಿಲ್ಲ. ಅದೇ ಆಗಿರೋದು."

ಗೆದ್ದೆ ಎನ್ನಿಸಬೇಕಿತ್ತು, ಅನ್ನಿಸಲಿಲ್ಲ. ಬದಲಿಗೆ ಆ ಮೈಕಿನ ಮುಂದೆ ಅವಳು ಬಾಯಿ ತೆರೆಯುವ ಮೊದಲು ಸುಮ್ಮನೆ ನಿಂತ ಆ ಒಂದು ಕ್ಷಣ ನೆನಪಾಯಿತು. ಅಷ್ಟು ಧೈರ್ಯ ನನ್ನ ಯಾವ 'ಓ'ನಲ್ಲೂ ಇರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ, ನನ್ನ ಕೋಣೆಗೆ ಹೋಗಿ ಓ ವಸಂತವೇ ತಿದ್ದುತ್ತ ಕೂತೆ. ಹೊರಗೆ ಹಿಮ ಬೀಳುತ್ತಿತ್ತು.

ಶುಕ್ರವಾರ ಸಂಜೆ ಅಪೂರ್ವ ಬಂದಳು. ಅಮ್ಮನನ್ನು ತಬ್ಬಿಕೊಂಡಳು, ನನ್ನನ್ನೂ ತಬ್ಬಿಕೊಂಡಳು, ಸ್ವಲ್ಪ ಹುಷಾರಾಗಿ. ಊಟದ ಹೊತ್ತು ಮೂವರೂ ಹೋಳಿಗೆಯ ಬಗ್ಗೆಯೇ ಮಾತಾಡಿದೆವು. ಒಂದು ಹೋಳಿಗೆಯ ಬಗ್ಗೆ ಅಷ್ಟು ಹೊತ್ತು ಮಾತಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ಹಬ್ಬದ ಬೆಳಿಗ್ಗೆ ಆರಕ್ಕೆ ಎದ್ದು ಬಚ್ಚಲುಮನೆಗೆ ಹೋದೆ. ನಲ್ಲಿ ತಿರುಗಿಸಿದೆ. ಪಟ್ಟಿಯನ್ನು ನಾಲಿಗೆಯ ತುದಿಗಿಟ್ಟುಕೊಂಡು ಕನ್ನಡಿ ನೋಡುತ್ತ ನಿಂತಿದ್ದೆ. ಆಗ ಕೇಳಿತು.

'ವ್ಯಾ...ಕ್!'

ಅಪ್ಪಟ ಒಂಟಿಕೊಪ್ಪಲಿನ ದನಿ. ಒಂದು ಗಳಿಗೆ ನನ್ನದೇ ಗಂಟಲಿನಿಂದ ಬಂತೇನೋ ಎಂದು ಕನ್ನಡಿಯಲ್ಲಿ ಬಾಯಿ ನೋಡಿಕೊಂಡೆ. ಮತ್ತೆ ಬಂತು, ಈ ಸಲ ಇನ್ನೂ ಆಳದಿಂದ, ಕೊನೆಯಲ್ಲಿ ಅಪ್ಪನ ಕಂಚಿನ ಎಳೆತದೊಂದಿಗೆ. ನಮ್ಮಪ್ಪನನ್ನು ಅಪೂರ್ವ ನೋಡಿಯೇ ಇಲ್ಲ. ಸದ್ದು ಬರುತ್ತಿದ್ದುದು ಪಡಸಾಲೆಯ ಆಚೆ ತುದಿಯ ಅವಳ ಬಾತ್‌ರೂಮಿನಿಂದ. ತಮಾಷೆಗೆ ಮಾಡುವವರ ಸದ್ದಲ್ಲ ಅದು, ದಿನಾ ಮಾಡುವವರದು. ಇಷ್ಟು ಕೇಳಿ ಬೆಳೆದವನಿಗೆ ಅಷ್ಟು ಗೊತ್ತಾಗುತ್ತದೆ.

ಪಟ್ಟಿ ಹಿಡಿದುಕೊಂಡೇ ಹೋಗಿ ಅವಳ ಬಾಗಿಲ ಹೊರಗೆ ನಿಂತೆ.

"ಪುಟ್ಟೀ, ಏನೇ ಅದು?"

ನಲ್ಲಿ ನಿಂತಿತು. "ಟಂಗ್ ಕ್ಲೀನರ್."

"ನಿಂಗೆ ಯಾವಾಗಿಂದ?"

"ಡೆಟ್ರಾಯಿಟ್‌ಗೆ ಹೋದಾಗಿಂದ. ಪೊಯೆಮಲ್ಲಿ ಇದೆಯಲ್ಲ ಅಪ್ಪಾ. ದಿ ಎಂಡ್."

"ಎಂಡ್‌ನಲ್ಲಿ ನಾನು ಇರ್ಲಿಲ್ಲ. ಕಾರು ನೋಡೋಕೆ ಹೋಗಿದ್ದೆ."

"ಯು ಡಿಡಂಟ್ ಹಿಯರ್ ದಿ ಎಂಡ್?" ಎಂದಳು. ಆ ದನಿ ಕೇಳಿ ನನಗೆ ನಾಚಿಕೆಯಾಯಿತು, ಅವಳ ಪದ್ಯದಿಂದ ಆದದ್ದಕ್ಕಿಂತ ಹೆಚ್ಚು.

"ಈಗ ಹೇಳು" ಎಂದೆ.

ಬಾಗಿಲು ತೆರೆಯದೆಯೇ, ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ, ಹೇಳಿದಳು.

ನಾನೀಗ ಒಬ್ಬಳೇ ಇರುವ ಮನೆಯಲ್ಲಿ
ಬೆಳಗು ತಾನಾಗಿ ಆಗುವುದಿಲ್ಲ.
ಗಡಿಯಾರ ಕೂಗುತ್ತದೆ, ನಾನು ಏಳುವುದಿಲ್ಲ.
ಹಾಗಾಗಿ ನಾನೂ ಒಂದು ಕೊಂಡುತಂದೆ.
ಕನ್ನಡಿಯ ಮುಂದೆ ನಿಲ್ಲುತ್ತೇನೆ.
ಬಾಯಿ ತೆರೆಯುತ್ತೇನೆ.
ನನ್ನಪ್ಪ ಹೊರಗೆ ಬರುತ್ತಾನೆ.

ನಾನು ಗೋಡೆಗೆ ಒರಗಿ ನಿಂತೆ. ಅತ್ತುಬಿಟ್ಟೆ, ಅದನ್ನು ಹೇಳಲು ಸಂಕೋಚವೇನೂ ಇಲ್ಲ. ಹೆಡ್ಮಾಸ್ತರರ ಮೇಲೆ ನಮ್ಮ ವಠಾರದವರಿಗೆ ಮಾತ್ರ ಪ್ರೀತಿ ಯಾಕಿತ್ತೆಂದು ಆಗ ಗೊತ್ತಾಯಿತು: ಅವರ ಬೆಳಗಿನ ಸದ್ದನ್ನು ಕೇಳಿದ್ದವರು ನಾವಷ್ಟೇ.

"ಅಪ್ಪಾ? ಆರ್ ಯು ದೇರ್?"

ಕೈಯಲ್ಲಿ ಪಟ್ಟಿ ಇತ್ತು. ಅಲ್ಲೇ ಪಡಸಾಲೆಯಲ್ಲಿ ನಿಂತು, ಬಾಯಿ ತೆರೆದು, ಇಷ್ಟು ವಾರಗಳಿಂದ ಕಟ್ಟಿಟ್ಟಿದ್ದನ್ನೆಲ್ಲ ಸೇರಿಸಿ ಒಂದು ಕೊಟ್ಟೆ. ಪಕ್ಕದ ಮನೆಯ ನಾಯಿ ಎಷ್ಟು ಸಲ ಬೊಗಳಿತೋ ಲೆಕ್ಕವಿಲ್ಲ. ಒಳಗಿನಿಂದ ಅಪೂರ್ವಳ ಉತ್ತರ ಬಂತು. ನಾನು ಮತ್ತೆ ಕೊಟ್ಟೆ.

"ಹಬ್ಬದ ದಿನ ಇದೇನ್ರೀ ನಿಮ್ಮಿಬ್ಬರದು!" ಎಂದು ಪದ್ಮಿನಿ ಎದ್ದು ಬಂದಳು. ಬೈಯುತ್ತಿದ್ದವಳ ಮುಖದಲ್ಲಿ ನಗು ತಡೆಯಲಾಗದೆ ತುಂಬಿತ್ತು.

ನಾನು ಪಂಚೆಯಲ್ಲೇ ಗರಾಜಿಗೆ ಓಡಿದೆ. ಟ್ರಂಕಿನಲ್ಲಿ ಹಿಮ ಕೆರೆಯುವ ಬ್ರಷ್ಷಿನ ಕೆಳಗೆ ಚೀಲ ಹಾಗೇ ಬಿದ್ದಿತ್ತು. ಮೇಲೆ ಬಂದು, ಬಾಗಿಲು ತೆರೆದು ನಿಂತಿದ್ದ ಮಗಳಿಗೆ, ಪೈಜಾಮದ ಮೇಲೆ, ಬಾಯಿಯ ಸುತ್ತ ನೊರೆಯಿರುವಂತೆಯೇ, ಮೆರೂನ್ ಶಾಲು ಹೊದಿಸಿದೆ. ಡಿಕ್ಕಿಯಲ್ಲಿದ್ದು ಅದು ಐಸಿನಂತೆ ತಣ್ಣಗಿತ್ತು. ಅವಳು ಕಿರುಚಿದಳು.

"ವಾಟ್ ಈಸ್ ದಿಸ್?"

"ಸನ್ಮಾನ. ಅಲುಗಾಡ್ಬೇಡ. ಪದ್ಮಾ, ಫೋಟೋ ತೆಗಿ."

ಫೋಟೋ ಈಗ ಫ್ರಿಜ್ಜಿನ ಮೇಲಿದೆ. ಕವಿಯ ಕೈಯಲ್ಲಿ ಹೂಗುಚ್ಛ ಇರಬೇಕಾದಲ್ಲಿ ಟಂಗ್ ಕ್ಲೀನರ್ ಇದೆ, ಪಕ್ಕದಲ್ಲಿ ನಾನು ಕೈಮುಗಿದು ನಿಂತಿದ್ದೇನೆ, ನನ್ನ ಕೈಯಲ್ಲೂ ಒಂದಿದೆ. "ನಾಳೆ ಶಿಕಾಗೋದಲ್ಲಿ ಅದನ್ನೇ ಓದು. ನಾನು ಕೊನೇವರೆಗೂ ಕೂತಿರ್ತೀನಿ" ಎಂದೆ. ಅವಳು ಶಾಲಿನ ತುದಿಯಲ್ಲಿ ಬಾಯಿ ಒರೆಸಿಕೊಂಡಳು. ಇನ್ನು ಆ ಶಾಲನ್ನು ಯಾರ ಸನ್ಮಾನಕ್ಕೂ ಕೊಡುವಂತಿಲ್ಲ.

ಅಂದು ಮಧ್ಯಾಹ್ನದ ಕವಿಗೋಷ್ಠಿಯಲ್ಲಿ ನಾನು ಓ ವಸಂತವೇ ಓದಲಿಲ್ಲ. ಹಳದಿ ಕುಲಾವಿ ಹೆಣೆದುಕೊಟ್ಟ ಅಜ್ಜಿಯ ಬಗ್ಗೆ, ಲೆಮಾಂಟಿಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ಮನಸ್ಸಿನಲ್ಲಿ ಜೋಡಿಸಿಕೊಂಡ ನಾಲ್ಕು ಸಾಲು ಹೇಳಿದೆ. ಅಧ್ಯಕ್ಷರು ಗಾಬರಿಯಾದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಪೂರ್ವ ಮಾತ್ರ ಒಬ್ಬಳೇ ಚಿಟಿಕೆ ಹೊಡೆದಳು. ಪಕ್ಕದಲ್ಲಿದ್ದ ಆಂಟಿಯೊಬ್ಬರು, ಪಾಪ ಮಗುವಿಗೆ ನಿದ್ದೆ ಬರುತ್ತಿದೆ ಎಂದುಕೊಂಡಿರಬೇಕು.

ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು, ಬಚ್ಚಲುಮನೆಯ ಬಾಗಿಲನ್ನು ಬೇಕೆಂದೇ ತೆರೆದಿಟ್ಟು, ಪಟ್ಟಿ ತೆಗೆದುಕೊಂಡು ಮನಸಾರೆ ಒಂದು ಆಲಾಪ ಕೊಟ್ಟೆ. ಬೇಲಿಯ ಬಳಿ ನಾಯಿ ಎರಡು ಸಲ ಬೊಗಳಿತು. ಪದ್ಮಿನಿ ಮಗ್ಗುಲು ಬದಲಿಸಿ ಎದ್ದಳು. ಮಗಳಿಂದ ಉತ್ತರ ಬರುತ್ತದೆಂದು ಕಾದೆ. ಬರಲಿಲ್ಲ. ಇನ್ನೊಂದು ಕೊಟ್ಟೆ.

"ಅಪ್ಪಾ, ಪ್ಲೀಸ್! ಟುಡೇ ಈಸ್ ಸಂಡೇ!" ಎಂದು ಅವಳ ಕೋಣೆಯಿಂದ ಕೂಗು ಕೇಳಿಸಿತು.

ಹೋಗಿ ಇಣುಕಿದೆ. ನಮ್ಮ ಕವಿ ಮೆರೂನ್ ಶಾಲನ್ನು ಎರಡೂ ಕಿವಿ ಮುಚ್ಚುವ ಹಾಗೆ ತಲೆಯ ಮೇಲೆ ಎಳೆದುಕೊಂಡು ಮಲಗಿದ್ದಳು.